ಸೆಲ್ಫ್ ಹೊಡೆಯದ ಜೀಪಿನ ಅಳಿಯ

ಗಾಡಿ ಚಾಲೂ ಆಗಲಿಲ್ಲವೆಂದು ಹಣೆ ಚಚ್ಚಿಕೊಳ್ಳುವವರನ್ನು ನೀವು ಬೇಕಾದಷ್ಟು ನೋಡಿರುತ್ತೀರಿ. ಗಾಡಿ ಚಾಲೂ ಆಗಿಬಿಟ್ಟಿತಲ್ಲ ಎಂದು ಮುಖ ಸಣ್ಣದು ಮಾಡಿಕೊಳ್ಳುವ ಮನುಷ್ಯನನ್ನು ನೋಡಿದ್ದೀರಾ? ನಾನು ನೋಡಿದ್ದೇನೆ. ಬರೀ ನೋಡಿದ್ದಲ್ಲ, ಆ ಮಹಾನುಭಾವರಿಗೆ ನಮ್ಮ ಅಕ್ಕನನ್ನೇ ಕೊಟ್ಟಿದ್ದೇವೆ!

ಹೆಸರು ಹೇಳುವುದಿಲ್ಲ. ಹೇಳಿದರೆ ಜಗಳಕ್ಕೆಂದು ಹೂವಿನ ಹಿಪ್ಪರಗಿಯಿಂದ ಹೊರಟು ಬಂದಾರು. ಬಂದವರು ತಿರುಗಿ ಹೋಗುವುದು ಯಾವಾಗ ಎಂಬುದನ್ನು ಯಾರೂ ಹೇಳಲಾರರು. ಅಕ್ಕನ ಗಂಡನನ್ನು ಪುಸ್ತಕದಲ್ಲಿ ಭಾವ ಎನ್ನುತ್ತಾರೆ, ನಮ್ಮ ಮನೆಯಲ್ಲಿ ಮಾಮಾ. ನಾನೂ ಇಲ್ಲಿ ಮಾಮಾ ಎಂದೇ ಬರೆಯುತ್ತೇನೆ. ಅವರು ನನ್ನನ್ನು ಮಾಸ್ತರ ಎನ್ನುತ್ತಿದ್ದರು. ನಾನು ಆಗ ನಾಲತವಾಡದ ಸಾಲೆಯಲ್ಲಿ ಮಾಸ್ತರನಾಗಿದ್ದೆ, ಇನ್ನೂ ಮದುವೆಯಾಗಿರಲಿಲ್ಲ, ಹೀಗಾಗಿ ಮಂದಿಯನ್ನು ನೋಡಿ ನಗಲು ಪುರುಸೊತ್ತು ಧಾರಾಳವಾಗಿತ್ತು.

ಎಪ್ಪತ್ತರ ದಶಕದ ಮಾತು. ನಮ್ಮ ಬಿಜಾಪುರ ಜಿಲ್ಲೆಯಲ್ಲಿ ಜೀಪು ಎಂದರೆ ಒಂದೋ ತಹಶೀಲ್ದಾರರದು, ಇಲ್ಲವೇ ಚುನಾವಣೆಯದು. ಹೊಲಮನೆ ಇದ್ದವರು ಬಹಳವಾದರೆ ಒಂದು ಫಟಫಟಿ ಮೋಟರ್‌ಸೈಕಲ್ಲು ಇಟ್ಟುಕೊಂಡು ತಿರುಗುತ್ತಿದ್ದರು. ಮಾಮಾ ಮಾತ್ರ ಇಂಡಿಗೆ ಹೋಗಿ ಒಬ್ಬ ನಿಂಬೆಹಣ್ಣಿನ ವ್ಯಾಪಾರಿಯಿಂದ ಹಳೆಯ ಜೀಪೊಂದನ್ನು ಕೊಂಡು ತಂದರು. ಅದರಲ್ಲಿ ಕುಳಿತರೆ ಉಪ್ಪಿನಕಾಯಿ ಭರಣಿಯೊಳಗೆ ಕುಳಿತ ಹಾಗಾಗುತ್ತಿತ್ತು. ಮುಂದಿನಿಂದ ತಿರುವಿ ಎಂಜಿನ್ ಎಬ್ಬಿಸುವ ಕಬ್ಬಿಣದ ಹ್ಯಾಂಡಲ್ಲು ಜೊತೆಗೆ ಬರಲಿಲ್ಲ. ವ್ಯಾಪಾರಿಯ ಹೆಂಡತಿ ಅದನ್ನು ಹಿತ್ತಲ ಬಾಗಿಲಿಗೆ ಅಗಳಿ ಮಾಡಿಕೊಂಡಿದ್ದರಂತೆ, ಜೀಪು ಒಯ್ಯಿರಿ, ಅಗಳಿ ಬಿಡುವುದಿಲ್ಲ ಎಂದರಂತೆ. ಹೀಗಾಗಿ ಆ ಜೀಪಿಗೆ ಎರಡೇ ದಾರಿ. ಗುಂಡಿ ಒತ್ತಿದಾಗ ಬ್ಯಾಟರಿಯ ಕರೆಂಟಿನಿಂದ ಸೆಲ್ಫ್ ಮೋಟರು ತಿರುಗಿ ಎಂಜಿನ್ನನ್ನು ಎಬ್ಬಿಸಬೇಕು. ಇಲ್ಲವೇ ಮಂದಿ ಕೂಡಿ ಹಿಂದಿನಿಂದ ನೂಕಬೇಕು.

ಸೆಲ್ಫ್ ಏನು ಕಡಿಮೆ ಇಲ್ಲ, ಅದಕ್ಕೂ ತನ್ನದೇ ಸ್ವಭಾವವಿತ್ತು. ತಂಪು ಹೊತ್ತಿನಲ್ಲಿ ಮುಟ್ಟಿದರೆ ಸಾಕು, ಎದ್ದು ಕೂರುತ್ತಿತ್ತು. ದೂರ ಓಡಿ ಕಾದ ಮೇಲೆ ಮಾತ್ರ, ಒಮ್ಮೆ ನಿಲ್ಲಿಸಿದಿರೋ, ಮತ್ತೆ ತಣ್ಣಗಾಗುವ ತನಕ ಟಕ್ ಎಂದು ಒಂದು ಸಪ್ಪಳ ಮಾಡಿ ಸುಮ್ಮನಾಗಿಬಿಡುತ್ತಿತ್ತು. ಒಳಗಿನ ಬುಶ್ಶು ಎಂಬ ಲೋಹದ ಬಳೆಗಳು ಸವೆದಿವೆ, ಕಾದರೆ ಹಿಗ್ಗಿ ಹಿಡಿದುಕೊಳ್ಳುತ್ತವೆ ಎಂದು ಮಾಮಾ ಕಾರಣ ಕೊಡುತ್ತಿದ್ದರು. ಬುಶ್ಶು ಬದಲಿಸಬಾರದೇ ಎಂದರೆ ಮಾತು ಬದಲಿಸುತ್ತಿದ್ದರು.

ಈ ಒಂದು ಜೀಪಿನ ದೆಸೆಯಿಂದ ಮಾಮಾ ದೊಡ್ಡ ವೈದ್ಯರಾದರು. ಅವರ ತಪಾಸಣೆಯ ಕ್ರಮ ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠವಾಗಿತ್ತು. ಮೊದಲು ಹಗಲಿದ್ದರೂ ಸರಿ, ಮುಂದಿನ ಎರಡು ಲೈಟು ಹಚ್ಚಬೇಕು. ಆಮೇಲೆ ಒಬ್ಬರು ಸೆಲ್ಫ್ ಒತ್ತಬೇಕು, ಇನ್ನೊಬ್ಬರು ಎದುರು ನಿಂತು ಲೈಟಿನ ಮುಖ ನೋಡಬೇಕು. ಸೆಲ್ಫ್ ಒತ್ತಿದ ಕೂಡಲೆ ಲೈಟು ಸತ್ತುಹೋದರೆ, ಬ್ಯಾಟರಿಯಲ್ಲಿ ಜೀವವಿಲ್ಲ ಅಥವಾ ಅದರ ತಲೆಯ ಮೇಲೆ ವೈರು ಹಿಡಿಯುವ ಕ್ಲಾಂಪು ಸರಿಯಾಗಿ ಕೂತಿಲ್ಲ. ಲೈಟು ಬೆಳ್ಳಗೆ ಉರಿಯುತ್ತಲೇ ಇದ್ದು ಸೆಲ್ಫ್ ಉಸಿರೆತ್ತದಿದ್ದರೆ, ಬ್ಯಾಟರಿ ಗಟ್ಟಿಯಾಗಿದೆ, ನಡುವೆ ಎಲ್ಲೋ ವೈರು ಕಡಿದಿದೆ. ಇನ್ನು ಸೆಲ್ಫ್ ಗರಗರ ತಿರುಗಿಯೂ ಎಂಜಿನ್ ಅಲುಗಾಡದಿದ್ದರೆ, ಸೆಲ್ಫಿನ ಹಲ್ಲು ಎಂಜಿನ್ನಿನ ಹಲ್ಲಿಗೆ ಕೂಡುತ್ತಿಲ್ಲ. ಇಷ್ಟೇ ಶಾಸ್ತ್ರ.

ಇದನ್ನು ಜೀಪಿಗಷ್ಟೇ ಇಟ್ಟುಕೊಂಡಿದ್ದರೆ ನಾನು ಈ ಪ್ರಬಂಧ ಬರೆಯುತ್ತಿರಲಿಲ್ಲ. ಮಾಮಾ ಮನುಷ್ಯರನ್ನೂ ಹೀಗೆಯೇ ನೋಡುತ್ತಿದ್ದರು! ಒಮ್ಮೆ ಬಸವನ ಬಾಗೇವಾಡಿಯಲ್ಲಿ ಒಬ್ಬ ಪುಢಾರಿಯ ಭಾಷಣ ಕೇಳುತ್ತ ನಿಂತಿದ್ದೆವು. ನೀರಾವರಿ ತರುತ್ತೇನೆ, ರೈಲು ತರುತ್ತೇನೆ ಎಂದು ಆತ ಮೈಕು ಹರಿಯುವ ಹಾಗೆ ಕೂಗುತ್ತಿದ್ದ. ಮಾಮಾ ನನ್ನ ಕಿವಿಯಲ್ಲಿ ಹೇಳಿದರು: "ನಡಿಯೋ ಮಾಸ್ತರ. ಸೆಲ್ಫ್ ಗರಗರ ತಿರಗತೈತಿ, ಹಲ್ಲ ಕೂಡವಲ್ದು." ನಮ್ಮ ಸಾಲೆಯ ಹೆಡ್‌ಮಾಸ್ತರರನ್ನು ಪರಿಚಯ ಮಾಡಿಕೊಟ್ಟಾಗ ಅವರ ಜೊತೆ ಅರ್ಧ ಚಹಾ ಕುಡಿಯುವಷ್ಟರಲ್ಲಿ ತೀರ್ಪು ಬಂತು. "ಮಾರಿ ಮ್ಯಾಲ ಬೆಳಕ ಐತಿ. ಆದ್ರ ಕೆಲಸ ಹೇಳಿದ ಕೂಡ್ಲೆ ಲೈಟ್ ಮಕ್ಕೊಂತೈತಿ." ಅಂದಿನಿಂದ ಹೆಡ್‌ಮಾಸ್ತರರು ಕೊಠಡಿಯೊಳಗೆ ಬಂದರೆ ನನಗೆ ಅವರ ಮುಖ ಬಿಟ್ಟು ಬೇರೆ ಏನನ್ನೂ ನೋಡಲಾಗುತ್ತಿರಲಿಲ್ಲ.

ಇಂಥ ಮಾಮಾ ಪ್ರತಿ ಅಮಾವಾಸ್ಯೆಗೆ ನಾಲತವಾಡದ ನಮ್ಮ ಮನೆಗೆ ಬರುತ್ತಿದ್ದರು. ಯಾಕೆ ಬರುತ್ತಿದ್ದರು ಎಂಬುದನ್ನು ನಗೆಯಾಡದೆ ಹೇಳಬೇಕು, ಹೇಳಿಬಿಡುತ್ತೇನೆ.

ಅಕ್ಕ ಚೊಚ್ಚಲ ಬಾಣಂತನಕ್ಕೆಂದು ತವರಿಗೆ ಬಂದಿದ್ದಳು. ಕೂಸು ಉಳಿಯಲಿಲ್ಲ. ನಮ್ಮಲ್ಲಿ ಚೊಚ್ಚಲಿಗೆ ಬಂದ ಮಗಳನ್ನು ತೊಟ್ಟಿಲು, ಕೂಸು, ಕೂಸಿನ ತಲೆಯ ಕುಲಾಯಿ, ಎಲ್ಲ ಕೂಡಿಸಿ ಗಂಡನ ಮನೆಗೆ ಕಳಿಸುವುದು ಪದ್ಧತಿ. ಬರಿಗೈಯಲ್ಲಿ ಮಗಳನ್ನು ಕಳಿಸುವುದು ಹೇಗೆಂದು ಯಾರಿಗೂ ಗೊತ್ತಿರಲಿಲ್ಲ, ಅದಕ್ಕೊಂದು ಶಾಸ್ತ್ರವನ್ನು ಯಾರೂ ಮಾಡಿಟ್ಟಿರಲಿಲ್ಲ. ಗಂಡಿನ ಕಡೆಯ ಹಿರಿಯರು ಬಂದು, ನಮ್ಮ ಸೊಸೆಯನ್ನು ಕಳಿಸಿಕೊಡಿ ಎಂದು ಕೇಳಿದ್ದರೆ ದಾರಿಯಾಗುತ್ತಿತ್ತೋ ಏನೋ. ಮಾಮಾನ ಕಡೆ ಅಂಥ ಹಿರಿಯರು ಒಬ್ಬರೂ ಉಳಿದಿರಲಿಲ್ಲ. ತಂದೆ ತಾಯಿ ಹೋಗಿದ್ದರು, ಅಣ್ಣತಮ್ಮಂದಿರು ಇರಲಿಲ್ಲ. ಗಂಡನೇ ಬಾಯಿಬಿಟ್ಟು ಹೆಂಡತಿಯನ್ನು ಕೇಳುವುದು ಆಗಿನ ಕಾಲಕ್ಕೆ ನಾಚಿಕೆಗೇಡು. ಕೇಳದೆ ಕಳಿಸುವುದು ನಮ್ಮ ಅಪ್ಪನಿಗೆ ಅವಮಾನ. ಅಕ್ಕನೋ, ಒಮ್ಮೆ ಅವ್ವನ ಮುಂದೆ, "ಬರೀ ಕೈಲೆ ಹೆಂಗ ಹೋಗ್ಲಿ ಯವ್ವಾ" ಎಂದವಳು ಆಮೇಲೆ ಆ ಮಾತೇ ಎತ್ತಲಿಲ್ಲ. ಬೇರೆ ಮಾತನ್ನೂ ಎತ್ತಲಿಲ್ಲ. ದಿನಗಳು ಹೋದವು, ತಿಂಗಳು ಹೋದವು, ಕರೆಯುವವರು ಕರೆಯಲಿಲ್ಲ, ಕಳಿಸುವವರು ಕಳಿಸಲಿಲ್ಲ.

ಮಾಮಾ ಬರುತ್ತಿದ್ದರು, ಅಷ್ಟೇ. ಹಿಪ್ಪರಗಿಯಿಂದ ನಮ್ಮ ಊರಿಗೆ ಧೂಳಿನ ದಾರಿಯಲ್ಲಿ ಜೀಪು ಓಡಿಸಿಕೊಂಡು ಬಂದು ಅಂಗಳದಲ್ಲಿ ನಿಲ್ಲಿಸಿದರೆ, ಅದು ಕಾದ ಹೆಂಚಾಗಿರುತ್ತಿತ್ತು. ಚಹಾ ಕುಡಿದು, ಮಳೆ ಬೆಳೆ ಮಾತಾಡಿ, "ಬರ್ತೇನ್ರಿ ಮಾವಾರ" ಎಂದು ಎದ್ದು ಹೋಗಿ ಸೆಲ್ಫ್ ಒತ್ತಿದರೆ, ಟಕ್. ಇನ್ನೊಮ್ಮೆ ಒತ್ತಿದರೆ, ಟಕ್. ಅಪ್ಪ ಪಡಸಾಲೆಯಿಂದಲೇ ಕೇಳುತ್ತಿದ್ದರು.

"ಏನಾತ್ರಿ ಅಳಿಯಾರ?"

"ಏನಿಲ್ರಿ, ಸೆಲ್ಫ್ ಹೊಡಿಯವಲ್ದು. ತಣ್ಣಗಾಗ್ಬೇಕು."

"ಆಗ್ಲಿ ಬಿಡ್ರಿ. ಅದು ತಣ್ಣಗಾಗ್ಲಿ, ನೀವು ಉಂಡು ಮಲಗ್ರಿ."

ನಾಲ್ಕು ಮಂದಿ ಕೂಡಿ ನೂಕಿದ್ದರೆ ಜೀಪು ಹೊರಟೇ ಹೋಗುತ್ತಿತ್ತು ಎಂದು ನೀವು ಅನ್ನಬಹುದು. ನಾನೂ ಮೊದಲ ಸಲ ತೋಳು ಮಡಿಚಿಕೊಂಡು ಎದ್ದಿದ್ದೆ. ಅಪ್ಪ ಗುಡುಗಿದರು: "ಕೂಡು ಸುಮ್ನ. ಮಗಳನ್ನ ಕೊಟ್ಟ ಮನ್ಯಾಗಿಂದ ಅಳಿಯನ್ನ ಹಿಂದಿಂದ ನೂಕಿ ಕಳಿಸಿದ್ರು ಅಂತ ನಾಳೆ ಮಂದಿ ಅಂದಾರು." ಅಂದಿನಿಂದ ಅದು ನಮ್ಮ ಮನೆಯ ಕಾಯಿದೆಯಾಯಿತು. ಅಳಿಯನ ಜೀಪಿಗೆ ನಮ್ಮ ಅಂಗಳದಲ್ಲಿ ಯಾರೂ ಕೈ ಹಚ್ಚಬಾರದು. ಮಗಳನ್ನು ಕಳಿಸಲಾರದೆ ಮನೆಯಲ್ಲಿ ಇಟ್ಟುಕೊಂಡ ತಂದೆಗೆ ಅಳಿಯನ ಮರ್ಯಾದೆಯನ್ನಾದರೂ ಪೂರ್ತಿ ಕಾಯಬೇಕೆನ್ನಿಸಿತ್ತೇನೋ.

ಮಾಮಾ ಇಡೀ ಸಂಜೆ ಬಾನೆಟ್ಟು ಎತ್ತಿಟ್ಟುಕೊಂಡು ತಪಾಸಣೆ ಮಾಡುತ್ತಿದ್ದರು. ಗುಂಡಿ ಒತ್ತುವವನು ನಾನು, ಲೈಟು ನೋಡುವವರು ಅವರು. ಹಿರಿಯರ ಎದುರು ಗಂಡ ಹೆಂಡತಿ ಮಾತಾಡುವಂತಿಲ್ಲವಲ್ಲ, ಹೀಗಾಗಿ ಅವರು ಜೀಪಿನ ಜೊತೆ ಮಾತಾಡುತ್ತಿದ್ದರು, ಅದೂ ಅಡಿಗೆಮನೆಯ ಕಿಟಕಿಗೆ ಕೇಳುವ ಹಾಗೆ.

"ಊಟಾ ಮಾಡ್ತಿಯೋ ಇಲ್ಲೋ ನೀ? ಮಾರಿ ಎಷ್ಟ ಸೊರಗೈತಿ." ಇದು ಬ್ಯಾಟರಿಗೆ.

"ಹಿಪ್ಪರಗ್ಯಾಗ ಬೇವಿನ ಗಿಡದ ನೆರಳ ಪೂರಾ ಕಟ್ಟಿ ಮ್ಯಾಲ ಬರಾಕತ್ತೈತಿ. ಅಲ್ಲಿ ನಿಂತ್ರ ಇಷ್ಟ ಕಾಯೂದಿಲ್ಲ ನೀ." ಇದು ಸೆಲ್ಫ್ ಮೋಟರಿಗೆ.

ನಾನು ಗುಂಡಿಯ ಮೇಲೆ ಕೈಯಿಟ್ಟು ನಗು ತಡೆದುಕೊಳ್ಳುತ್ತಿದ್ದೆ. ಕಿಟಕಿಯೊಳಗೆ ರೊಟ್ಟಿ ಬಡಿಯುವ ಸಪ್ಪಳ ಒಂದು ಗಳಿಗೆ ನಿಂತು ಮತ್ತೆ ಶುರುವಾಗುತ್ತಿತ್ತು. ಅದೇ ಉತ್ತರ. ಅಷ್ಟು ಉತ್ತರಕ್ಕೆ ಮಾಮಾ ಅಷ್ಟು ದೂರದಿಂದ ಪೆಟ್ರೋಲು ಸುಟ್ಟುಕೊಂಡು ಬರುತ್ತಿದ್ದರು, ಪೆಟ್ರೋಲು ತುಟ್ಟಿಯಾಗಿದ್ದ ಆ ಕಾಲದಲ್ಲಿ!

ಬೆಳಗ್ಗೆಯದು ಬೇರೆ ಕಥೆ. ಮಾಮಾ ಮುಖ ತೊಳೆದು, ವಿಭೂತಿ ಹಚ್ಚಿಕೊಂಡು, ಏನೋ ನೆನೆಸಿಕೊಂಡವರ ಹಾಗೆ ಮೆಲ್ಲಗೆ ಜೀಪಿನ ಬಳಿ ಹೋಗುತ್ತಿದ್ದರು. ಕೂರುತ್ತಿದ್ದರು. ಒತ್ತುತ್ತಿದ್ದರು. ತಂಪು ಗಾಳಿಯಲ್ಲಿ ಇಡೀ ರಾತ್ರಿ ನಿಂತಿದ್ದ ಆ ಹಾಳು ಜೀಪು ಒಂದೇ ಏಟಿಗೆ ಭರ್ರೆಂದು ಎದ್ದುಬಿಡುತ್ತಿತ್ತು. ಆಗ ಅವರ ಮುಖ ನೋಡಬೇಕಿತ್ತು. ಪರೀಕ್ಷೆಯಲ್ಲಿ ನಪಾಸಾದ ಹುಡುಗರ ಮುಖವನ್ನು ನಾನು ವರ್ಷಕ್ಕೊಮ್ಮೆ ನೋಡುತ್ತೇನೆ, ಯಾವ ಮುಖವೂ ಅಷ್ಟು ಇಳಿದಿರುವುದಿಲ್ಲ. ಚಾಲೂ ಆದ ಗಾಡಿಯನ್ನು ಏನೆಂದು ನಿಲ್ಲಿಸಿಕೊಳ್ಳುವುದು? "ಛಲೋ ಆತಲ್ರಿ, ಹತ್ತಿತಲ್ಲ" ಎಂದು ಅಪ್ಪ ಅನ್ನುತ್ತಿದ್ದರು. "ಹೌದ್ರಿ, ಹತ್ತೇತಿ" ಎಂದು ಮಾಮಾ ಅನ್ನುತ್ತಿದ್ದರು, ಯಾರೋ ಸತ್ತ ಸುದ್ದಿಯನ್ನು ಒಪ್ಪಿಕೊಂಡವರ ದನಿಯಲ್ಲಿ.

ಈ ನಡುವೆ ನನಗೊಂದು ಕನ್ಯೆ ನೋಡುವ ಪ್ರಸಂಗ ಬಂತು. ಸಿಂದಗಿಯ ಹುಡುಗಿ. ಜೀಪಿರುವ ಅಳಿಯನೇ ಇರುವಾಗ ಬಸ್ಸಿಗೆ ಯಾಕೆ ಹೋಗಬೇಕೆಂದು ಅಪ್ಪ ಮಾಮಾನನ್ನೇ ಕರೆಸಿದರು. ಹೊಸ ಧೋತರ, ಹೊಸ ರುಮಾಲು, ಮೈತುಂಬ ನಿಂಬೆಹಣ್ಣಿನ ವಾಸನೆ, ಹೀಗೆ ನಾವು ಸಿಂದಗಿ ಮುಟ್ಟಿದೆವು. ಹುಡುಗಿ ಬಂದಳು, ಅವಲಕ್ಕಿ ಕೊಟ್ಟಳು, ಕುಳಿತಳು. ನೋಡಲು ಲಕ್ಷಣವಾಗಿದ್ದಳು. ಏನು ಕೇಳಿದರೂ ತಲೆ ಎತ್ತಲಿಲ್ಲ. ನಾಚಿಕೆ ಎಂದರು ಮನೆಯವರು. ಎಷ್ಟು ಸಂಭಾವಿತ ಹುಡುಗಿ ಎಂದು ನಾನು ಒಳಗೊಳಗೇ ಕರಗಿಹೋದೆ.

ಹೊರಡುವಾಗ, ಕೇಳಬೇಕೇ, ಟಕ್! ಅಲ್ಲಿ ನಮ್ಮ ಮನೆಯ ಕಾಯಿದೆ ನಡೆಯುವುದಿಲ್ಲವಲ್ಲ. ಹುಡುಗಿಯ ತಂದೆ, ಕಾಕಾ, ಸೋದರಮಾವ, ಎಲ್ಲರೂ ಬಿಳಿ ಅಂಗಿ ತೊಟ್ಟು ಶಾಸ್ತ್ರಕ್ಕೆ ಕುಳಿತಿದ್ದವರು, ಎದ್ದು ಬಂದು ಸಿಂದಗಿಯ ಪೇಟೆಯಲ್ಲಿ ನಮ್ಮನ್ನು ನೂಕಿದರು. ಜೀಪು ಎದ್ದು ಕಪ್ಪು ಹೊಗೆಯನ್ನು ಅವರ ಬಿಳಿ ಅಂಗಿಗಳ ಮೇಲೆ ಬಿಟ್ಟು ಮುಂದೆ ನುಗ್ಗಿತು. ತಿರುಗಿ ನೋಡಲು ನನಗೆ ಧೈರ್ಯವಾಗಲಿಲ್ಲ.

ದಾರಿಯಲ್ಲಿ ಮಾಮಾ ಹೇಳಿದರು: "ಮಾಸ್ತರ, ಈ ಸೋಯರಿಕಿ ಬ್ಯಾಡ."

"ಯಾಕ್ರಿ ಮಾಮಾ?"

"ಆ ಹುಡಿಗಿ ನಾಚಿಕೊಂಡಿದ್ದಲ್ಲೋ. ಲೈಟ್ ಬೆಳ್ಳಗ ಉರ್ಯಾಕತ್ತಿತ್ತು, ಸಪ್ಪಳ ಇಲ್ಲ. ಬ್ಯಾಟರಿ ಗಟ್ಟಿ ಐತಿ, ಆದ್ರ ಅದರ ವೈರ್ ನಿನ್ನ ಕಡೆ ಬಂದಿಲ್ಲ. ಬ್ಯಾರೆ ಎಲ್ಲೋ ಹೋಗೇತಿ."

ನನಗೆ ಸಿಟ್ಟು ಬಂತು. ಮುಂದೆ ಕೆಲವು ದಿನಕ್ಕೆ ಆ ಹುಡುಗಿ ತನ್ನ ಅತ್ತೆಯ ಮಗನನ್ನೇ ಮಾಡಿಕೊಳ್ಳುತ್ತೇನೆಂದು ಹಟ ಹಿಡಿದು ಮಾಡಿಕೊಂಡಳು ಎಂಬ ಸುದ್ದಿ ಬಂದಿತೆನ್ನಿ. ಅದು ಆಮೇಲಿನ ಮಾತು. ಸುಮ್ಮನಿರಲಾರದೆ ಕೇಳಿಬಿಟ್ಟೆ.

"ಊರ ಮಂದೀದೆಲ್ಲಾ ಹೇಳ್ತೀರಿ. ನಮ್ಮ ಅಕ್ಕಂದು ಏನಾಗೇತಿ ಹೇಳ್ರಲ್ಲ."

ಮಾಮಾ ಗೇರು ಬದಲಿಸಿದರು. ಎರಡೂ ಕಡೆ ಜೋಳ ಕೊಯ್ದ ಕರಿ ಹೊಲ, ಒಂದು ಗಿಡವಿಲ್ಲ, ಒಂದು ಮನೆಯಿಲ್ಲ. ಜೀಪಿನ ಸದ್ದೊಂದೇ. ಆಮೇಲೆ ಮೆಲ್ಲಗೆ ಹೇಳಿದರು: "ಅದನ್ನ ನೋಡಾಕ ಹತ್ರ ಹೋಗ್ಬೇಕಲ್ಲೋ ತಮ್ಮಾ. ನಿಮ್ಮ ಪಡಸಾಲ್ಯಾಗ ಕುಂತು ಹೆಂಗ ನೋಡ್ಲಿ?"

ಮಾಸ್ತರ ಎನ್ನದೆ ತಮ್ಮಾ ಎಂದದ್ದು ಅದೇ ಮೊದಲು.

ಆ ವರ್ಷ ಕಾರಹುಣ್ಣಿಮೆಗೆ ಅಪ್ಪ ಅಳಿಯನನ್ನು ಹಬ್ಬಕ್ಕೆ ಕರೆದರು. ಕಾರಹುಣ್ಣಿಮೆ ಎಂದರೆ ಎತ್ತುಗಳ ಹಬ್ಬ. ಬೆಳಗ್ಗೆಯೇ ಎತ್ತಿನ ಮೈ ತೊಳೆದು, ಕೊಂಬಿಗೆ ಎಣ್ಣೆ ಕಲಿಸಿದ ಹುರಮಂಜು ಎಂಬ ಕೆಂಪು ಬಣ್ಣ ಬಳಿದು, ಗೆಜ್ಜೆ ಕಟ್ಟಿ, ಕಡಬು ತಿನ್ನಿಸುತ್ತಾರೆ. ಮಾಮಾ ಹಿಂದಿನ ದಿನವೇ ಬಂದಿದ್ದರು. ಹಬ್ಬದ ಬೆಳಗ್ಗೆ ತಂಪು ಹೊತ್ತಿನಲ್ಲಿ ಜೀಪು ಎಲ್ಲಿ ಚಾಲೂ ಆಗಿಬಿಡುತ್ತದೋ ಎಂಬ ಭಯಕ್ಕೋ ಏನೋ, ನೀರು ಹಾಕಬೇಕೆಂಬ ನೆಪ ಹೇಳಿ ಬ್ಯಾಟರಿಯನ್ನೇ ಬಿಚ್ಚಿ ತಂದು ಕಟ್ಟೆಯ ಮೇಲೆ ಇಟ್ಟು ಜಳಕಕ್ಕೆ ಹೋದರು.

ನಮ್ಮ ಅವ್ವ ಆಗಷ್ಟೇ ಕೊಟ್ಟಿಗೆಯ ಎತ್ತುಗಳಿಗೆ ಹುರಮಂಜು ಬಳಿದು ಬಟ್ಟಲು ಹಿಡಿದುಕೊಂಡು ಬಂದಳು. ಕಟ್ಟೆಯ ಮೇಲೆ ನೋಡಿದರೆ ಕಪ್ಪು ಮೈಯ, ಗಿಡ್ಡನೆಯ, ತಲೆಯ ಮೇಲೆ ಸೀಸದ ಎರಡು ಮೋಟು ಕೊಂಬಿರುವ ಪ್ರಾಣಿಯೊಂದು ಒಂಟಿಯಾಗಿ ಕುಳಿತಿದೆ! ಈ ಪೆಟ್ಟಿಗೆಯೇ ಗಾಡಿಯನ್ನು ಎಳೆಯುವುದು ಎಂದು ಅಳಿಯನ ಬಾಯಿಂದಲೇ ಎಷ್ಟೋ ಸಲ ಕೇಳಿದ್ದಳು. ಎಳೆಯುವುದು ಎತ್ತಲ್ಲದೆ ಮತ್ತೇನು? "ಎಲ್ಲಾವ್ಕೂ ಆಗೇತಿ, ಪಾಪ ಇದೊಂದ ಬೋಳಬೋಳ ಕುಂತೈತಿ" ಎಂದವಳೇ ಎರಡೂ ಕೊಂಬಿಗೆ ಬೆರಳ ದಪ್ಪ ಹುರಮಂಜು ಮೆತ್ತಿ, ಕೈಮುಗಿದು ಒಳಗೆ ಹೋದಳು. ಬಿಸಿಲಿಗೆ ಅದು ಗಟ್ಟಿಯಾಗಿ ಒಣಗಿತು.

ನಾನು ಪಡಸಾಲೆಯ ಕಂಬಕ್ಕೆ ಒರಗಿ ಎಲ್ಲವನ್ನೂ ನೋಡುತ್ತಿದ್ದೆ. ಮಾಮಾ ಜಳಕ ಮಾಡಿ ಬಂದರು. ಬ್ಯಾಟರಿಯ ಮುಂದೆ ನಿಂತರು. ಕೊಂಬಿನ ಮೇಲೆ ಅಷ್ಟು ಬಣ್ಣ ಕುಳಿತರೆ ಕರೆಂಟು ದಾಟುವುದಿಲ್ಲವೆಂಬುದು ನನ್ನಂಥವನಿಗೇ ಗೊತ್ತಾಗುತ್ತಿತ್ತು. ಲೈಟಿನ ಮುಖ ನೋಡಿ ಮನುಷ್ಯರ ಜಾತಕ ಬರೆಯುವವರಿಗೆ ಗೊತ್ತಾಗಲಿಲ್ಲವೇ? ಒಂದು ಗಳಿಗೆ ಅದನ್ನೇ ನೋಡಿದರು. ಆಚೀಚೆ ನೋಡಿದರು. ಆಮೇಲೆ ಬ್ಯಾಟರಿಯನ್ನು ಎತ್ತಿಕೊಂಡು ಹೋಗಿ ಜೀಪಿನಲ್ಲಿ ಕೂರಿಸಿ, ಆ ಬಣ್ಣದ ಮೇಲೆಯೇ ಕ್ಲಾಂಪು ಬಿಗಿದುಬಿಟ್ಟರು!

ಅಂದು ಹೋಳಿಗೆ ಉಂಡು ಸಂಜೆ ಹೊರಡುವ ಶಾಸ್ತ್ರ ಮಾಡಿದರು. ನಾನು ಗುಂಡಿ ಒತ್ತಿದೆ. ಲೈಟು ಸತ್ತವು. "ಬ್ಯಾಟರಿ ಕಡೆ ಏನೋ ಐತ್ರಿ ಮಾವಾರ, ನೋಡ್ಬೇಕು" ಎಂದರು. ಮರುದಿನ ತಂಪು ಹೊತ್ತಿನಲ್ಲೂ ಹೊಡೆಯಲಿಲ್ಲ. ಮಾಮಾನ ಮುಖ ಹುಣ್ಣಿಮೆಯ ಚಂದ್ರನ ಹಾಗಾಯಿತು. ಆಹಾ, ಏನು ಹುಡುಕಾಟ ಅದು! ಸೆಲ್ಫ್ ಮೋಟರು ಬಿಚ್ಚಿದರು, ಒಳಗಿನ ಕಾರ್ಬನ್ನು ಉಜ್ಜಿದರು, ಸ್ವಿಚ್ಚು ಬಿಚ್ಚಿದರು, ವೈರುಗಳನ್ನೆಲ್ಲ ಶ್ಯಾವಿಗೆಯ ಹಾಗೆ ಚಾಪೆಯ ಮೇಲೆ ಹರವಿದರು, ಮತ್ತೆ ಎಲ್ಲ ಜೋಡಿಸಿದರು. ಲೈಟು ಹಚ್ಚಿ ಹಚ್ಚಿ, ಸೆಲ್ಫ್ ಒತ್ತಿ ಒತ್ತಿ ನನ್ನ ಹೆಬ್ಬೆರಳು ಮರಗಟ್ಟಿತು. ಕೊಂಬಿನ ಹತ್ತಿರ ಮಾತ್ರ ಅವರ ಕೈ ಹೋಗಲೇ ಇಲ್ಲ. ನಾನೂ ಹೇಳಲಿಲ್ಲ. ಕಿಟಕಿಯ ಕಡೆಗೆ ಅವರ ಮಾತು ಬೆಳಗಿನಿಂದ ಸಂಜೆಯ ತನಕ ಹರಿದೇ ಹರಿಯಿತು.

ಎರಡನೆಯ ದಿನ ಸಂಜೆ ಅಪ್ಪ ತಡೆಯದೆ ಹೇಳಿದರು: "ಸಾಕ್ರಿ ಅಳಿಯಾರ, ಕೈಯೆಲ್ಲಾ ಕರ್ರಗಾಗ್ಯಾವು. ನಾಳೆ ಮುದ್ದೇಬಿಹಾಳದಿಂದ ಮೆಕ್ಯಾನಿಕ್‌ನ ಕರಸ್ತೇನಿ."

ಮಾಮಾ ಗಾಬರಿಯಾದರು. "ಬ್ಯಾಡ್ರಿ, ಯಾಕ ಸುಮ್ನ" ಎಂದರು. ಅಪ್ಪ ಒಮ್ಮೆ ಹೇಳಿದರೆ ಮುಗಿಯಿತು. ಮೆಕ್ಯಾನಿಕ್ ಬಂದು ಬಾನೆಟ್ಟು ಎತ್ತಿದರೆ ಮೊದಲು ಕಾಣುವುದೇ ಆ ಕೆಂಪು ಕೊಂಬು. ಅಂದು ಮಾಮಾ ಊಟಕ್ಕೆ ಕುಳಿತು ರೊಟ್ಟಿ ಮುರಿದು ಮುರಿದು ತಾಟಿನಲ್ಲೇ ಬಿಟ್ಟರು. ಅವರನ್ನು ನೋಡಿ ಮೊದಲ ಸಲ ನನಗೆ ನಗು ಬರಲಿಲ್ಲ. ಹಿಪ್ಪರಗಿಯ ಆ ಮನೆಯಲ್ಲಿ ಇವರು ಸಂಜೆ ಯಾರ ಜೊತೆ ಮಾತಾಡುತ್ತಾರೆ ಎಂಬ ಪ್ರಶ್ನೆ ಅಷ್ಟು ದಿನ ನನಗೆ ಹೊಳೆದೇ ಇರಲಿಲ್ಲ.

ಬೆಳಗಾಯಿತು. ಮೆಕ್ಯಾನಿಕ್‌ಗೆ ಹೇಳಿಕಳಿಸಲು ಅಪ್ಪ ಆಳನ್ನು ಕೂಗುತ್ತಿದ್ದರು. ಮಾಮಾ ಸುಮ್ಮನೆ ರೂಢಿಯಂತೆ ಹೋಗಿ ಜೀಪಿನಲ್ಲಿ ಕುಳಿತು ಸೆಲ್ಫ್ ಒತ್ತಿದರು.

ಭರ್ರೆಂದು ಎಂಜಿನ್ ಎದ್ದಿತು!

ಮಾಮಾ ಸ್ಟೇರಿಂಗು ಹಿಡಿದುಕೊಂಡು ಕಲ್ಲಾಗಿ ಕುಳಿತರು. ಆಮೇಲೆ ಇಳಿದು ಬಾನೆಟ್ಟು ಎತ್ತಿದರು. ಬ್ಯಾಟರಿಯ ಎರಡೂ ಕೊಂಬುಗಳನ್ನು ಯಾರೋ ಕೆರೆದು, ಒರೆಸಿ, ಬೆಳ್ಳಗೆ ಮಾಡಿ, ಕ್ಲಾಂಪನ್ನು ಮತ್ತೆ ಕೂರಿಸಿದ್ದರು. ಮಾಮಾ ನನ್ನನ್ನು ನೋಡಿದರು. ನಾನು ತಲೆ ಅಲ್ಲಾಡಿಸಿದೆ, ನಾನಲ್ಲ.

"ನಾನ ಒರಸೀನ್ರಿ."

ಅಡಿಗೆಮನೆಯ ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಅವಳ ಉಗುರಿನ ಸಂದಿಯಲ್ಲೆಲ್ಲ ಹುರಮಂಜು. ಪಡಸಾಲೆಯಲ್ಲಿ ಅಪ್ಪ ಇದ್ದರು, ಅವ್ವ ಇದ್ದಳು, ಆಳು ಇದ್ದ. ಅವರೆಲ್ಲರ ಎದುರಿಗೇ ಅಕ್ಕ ಗಂಡನೊಂದಿಗೆ ಮಾತಾಡಿದಳು.

ಮಾಮಾನ ಮುಖ ನೋಡಲಾಗಲಿಲ್ಲ. ತನ್ನನ್ನು ಕಳಿಸಲಿಕ್ಕೆಂದೇ ಅವಳು ಒರೆಸಿದಳು ಎಂದುಕೊಂಡಿರಬೇಕು. ಎಂಜಿನ್ನಿನ ಸದ್ದಿನಲ್ಲಿ ಅವರ ದನಿ ಅರ್ಧ ಮುಳುಗಿಹೋಯಿತು. "ಆತು ಬಿಡು. ಹೊಂಡ್ತೇನಿ."

"ಬಣ್ಣಾ ಹಚ್ಚಿದ್ದು ನೀವು ನೋಡಿದ್ರಿ," ಎಂದಳು ಅಕ್ಕ. "ನೋಡಿ, ಸುಮ್ನ ಅದರ ಮ್ಯಾಲ ಹಾಕಿದ್ರಿ. ಕಿಟಕ್ಯಾಗಿಂದ ನಾ ನೋಡೀನಿ."

ಮಾಮಾ ಬಾನೆಟ್ಟಿನ ಅಂಚು ಹಿಡಿದುಕೊಂಡು ನೆಲ ನೋಡುತ್ತ ನಿಂತರು. "ಮತ್ತೇನ ಮಾಡ್ಲಿ? ಅಲ್ಲಿ ಹ್ವಾದ್ರ ಕೀಲಿ ತಗದು ದೀಪಾ ನಾನ ಹಚ್ಚಬೇಕು. ಆ ಮನ್ಯಾಗ ಮಾತಾಡಿ ಎಷ್ಟ ದಿನ ಆತು ನನಗ."

ಅಪ್ಪ ಆಳಿಗೆ ಹಿತ್ತಲಿಗೆ ಹೋಗೆಂದು ಕೈಸನ್ನೆ ಮಾಡಿದರು. ಅಕ್ಕ ಹೊಸ್ತಿಲು ದಾಟಿ ಅಂಗಳಕ್ಕೆ ಇಳಿದಳು.

"ನಾ ಬರ್ತೇನಿ. ಆದ್ರ ಬರೀ ಕೈಲೆ ಬರ್ತೇನಿ. ನಡೀತೈತೇನು?"

ಮಾಮಾ ತಲೆ ಎತ್ತಿದರು. ಕಣ್ಣು ತುಂಬಿದ್ದವು. "ನಾ ಏನ ತುಂಬಿದ ಕೈಲೆ ಬಂದೇನೇನು ಇಲ್ಲಿಗೆ?" ಎಂದರು.

ಅಲ್ಲಿಯ ತನಕ ಸತ್ತ ಕೂಸು ನಮ್ಮ ಅಕ್ಕನದು ಎಂದೇ ನಾವೆಲ್ಲ ತಿಳಿದಿದ್ದೆವು. ಅದು ಅವರದೂ ಆಗಿತ್ತು ಎಂದು ನಮ್ಮ ಮನೆಯಲ್ಲಿ ಒಬ್ಬರಿಗೂ ಅನ್ನಿಸಿರಲಿಲ್ಲ. ಅವರಿಗೆ ಯಾರೂ ಒಂದು ಸಮಾಧಾನದ ಮಾತು ಹೇಳಿರಲಿಲ್ಲ. ಹೇಳಬೇಕಾದವರು ಅವರ ಊರಿನಲ್ಲಿ ಇರಲಿಲ್ಲ, ನಾವು ಇಲ್ಲಿ ಸೆಲ್ಫ್ ಏನಾಯಿತು ಎಂದು ಕೇಳುತ್ತ ಕುಳಿತಿದ್ದೆವು.

"ಗಾಡಿ ಬಂದ್ ಮಾಡ್ರಿ," ಎಂದಳು ಅಕ್ಕ. "ಉಂಡು ಹೋಗೂಣು."

ಅವ್ವ ಅಳುತ್ತಲೇ ಹೋಳಿಗೆ ಮಾಡಿದಳು. ಅಳುತ್ತಲೇ ಅಕ್ಕನ ಸೆರಗಿನಲ್ಲಿ ಅಕ್ಕಿ, ಕೊಬ್ಬರಿ, ಅರಿಸಿನ ಕೊಂಬು ಹಾಕಿ ಉಡಿ ತುಂಬಿದಳು. ಶಾಸ್ತ್ರ ಮಾಡಿಡದಿದ್ದ ಕಡೆ ಇದ್ದ ಶಾಸ್ತ್ರವನ್ನೇ ಮಾಡಿದಳು. ಮಾಮಾ ಹೋಗಿ ಜೀಪಿನಲ್ಲಿ ಕುಳಿತರು, ಸೆಲ್ಫ್ ಒತ್ತಿದರು. ಟಕ್ ಎಂಬ ಸಪ್ಪಳವೂ ಬರಲಿಲ್ಲ. ಎರಡು ದಿನ ಲೈಟು ಹಚ್ಚಿ, ಗುಂಡಿ ಒತ್ತಿ, ಬ್ಯಾಟರಿಯಲ್ಲಿ ಉಳಿದಿದ್ದ ಕೊನೆಯ ಜೀವವನ್ನು ಬೆಳಗ್ಗೆ ಮುಗಿಸಿದ್ದರು. ಈ ಸಲ ಸುಳ್ಳಲ್ಲ, ನಿಜವಾಗಿಯೂ ಸತ್ತಿತ್ತು.

ಎಲ್ಲರೂ ಅಪ್ಪನ ಮುಖ ನೋಡಿದೆವು. ಮನೆಯ ಕಾಯಿದೆ ಅವರದು, ಮುರಿಯಬೇಕಾದವರೂ ಅವರೇ. ಅಪ್ಪ ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಜೀಪಿನ ಹಿಂದೆ ಹೋಗಿ ನಿಂತಿದ್ದಳು. ಒಂದು ಕೈಯಲ್ಲಿ ತುಂಬಿದ ಉಡಿಯನ್ನು ಎದೆಗೆ ಅವಚಿಕೊಂಡು, ಇನ್ನೊಂದು ಕೈಯನ್ನು ಜೀಪಿಗೆ ಕೊಟ್ಟಳು. ನಾನು ಓಡಿದೆ. "ಯಾರೂ ಕೈ ಹಚ್ಚಬ್ಯಾಡ್ರಿ" ಎಂದಳು. ಮಾಮಾ ಇಳಿದು ಬಾಗಿಲಿನ ಪಕ್ಕ ನಿಂತು, ಒಂದು ಕೈ ಸ್ಟೇರಿಂಗಿನ ಮೇಲಿಟ್ಟು ಹೆಗಲು ಕೊಟ್ಟರು. ನಮ್ಮ ಅಂಗಳ ಬೀದಿಯ ಕಡೆ ಇಳಿಜಾರು. ಜೀಪು ಮೆಲ್ಲಗೆ ಉರುಳಿತು, ಬೀದಿಗೆ ಬಂತು, ವೇಗ ಹಿಡಿಯಿತು. ಮಾಮಾ ಒಳಗೆ ಹಾರಿ ಕುಳಿತು ಗೇರು ಹಾಕಿದರು. ಜೀಪು ಕೆಮ್ಮಿತು, ನಡುಗಿತು, ಭರ್ರೆಂದು ಎದ್ದಿತು.

ಇನ್ನು ನಿಲ್ಲಿಸುವಂತಿಲ್ಲ. ನಿಲ್ಲಿಸಿದರೆ ಮತ್ತೆ ಏಳುವುದೆಂಬ ನಂಬಿಕೆಯಿಲ್ಲ. ಉಡಿಯ ಅಕ್ಕಿ ಚೆಲ್ಲುತ್ತ ಅಕ್ಕ ಹಿಂದೆ ಓಡುತ್ತಿದ್ದಳು. ಮಾಮಾ ಬಲಗೈಯಲ್ಲಿ ಸ್ಟೇರಿಂಗು ಹಿಡಿದು, ಎಡಗಡೆಯ ಬಾಗಿಲಿಗೆ ಬಾಗಿ ಎಡಗೈಯನ್ನು ಪೂರ್ತಿ ಹೊರಗೆ ಚಾಚಿದರು. ಆಮೇಲೆ ಅತ್ತೆ, ಮಾವ, ಬೀದಿಯ ಮಂದಿ, ಎಲ್ಲರಿಗೂ ಕೇಳುವ ಹಾಗೆ, ನಮ್ಮ ಕಡೆ ಯಾವ ಗಂಡನೂ ಹಿರಿಯರ ಎದುರು ಕೂಗದ ಹಾಗೆ, ಅಕ್ಕನ ಹೆಸರು ಹಿಡಿದು ಕೂಗಿದರು.

ಅಕ್ಕ ಓಡುತ್ತ ಓಡುತ್ತಲೇ ಆ ಕೈ ಹಿಡಿದಳು. ಹತ್ತಿ ಕುಳಿತಳು. ಅವಳು ನಗುತ್ತಿದ್ದುದು ನಮಗೆ ಬಾಗಿಲ ತನಕ ಕೇಳಿಸಿತು. ಅಪ್ಪ ರುಮಾಲಿನಿಂದ ಕಣ್ಣು ಒರೆಸಿಕೊಂಡು, "ಹೋದ್ರು" ಎಂದರು. ನಾನು ಬೀದಿಯ ನಡುವೆ ನಿಂತು, ಯಾರು ನೋಡಿದರೂ ನೋಡಲಿ ಎಂದು, ಅತ್ತುಬಿಟ್ಟೆ.